ಗಳಗನಾಥ
ಗಳಗನಾಥ (1869–1942) ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ವೆಂಕಟೇಶ ತಿರಕೊ ಕುಲಕರ್ಣಿಯವರು ಕನ್ನಡದ ಆರಂಭಕಾಲದ ಪ್ರಮುಖ ಕಾದಂಬರಿಕಾರರು. ಇವರ ಜನ್ಮಸ್ಥಳ ಹಾವೇರಿ ತಾಲೂಕಿನ ಗಳಗನಾಥ. ವರದಾ-ತುಂಗಭದ್ರಾ ಸಂಗಮದ ಈ ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡರು.

ವೃತ್ತಿಯಿಂದ ಶಿಕ್ಷಕರಾಗಿದ್ದ ಇವರು, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ಪ್ರಬಲವಾಗಿದ್ದ ಕಾಲದಲ್ಲಿ ಕನ್ನಡದಲ್ಲಿ ಬರೆದರು. ಮರಾಠಿ ಲೇಖಕ ಹರಿ ನಾರಾಯಣ ಆಪಟೆಯವರಿಂದ ಪ್ರೇರಣೆ ಪಡೆದು ಅವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯನ್ನು ಕುರಿತ 'ಮಾಧವ ಕರುಣಾವಿಲಾಸ' ಇವರ ಸ್ವತಂತ್ರ ಐತಿಹಾಸಿಕ ಕಾದಂಬರಿ. ಹಾವೇರಿ ಸಮೀಪದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಸಂಪಾದಕರಾಗಿದ್ದರು.

ಕನ್ನಡ ಪುಸ್ತಕ ಕೊಳ್ಳುವವರೇ ವಿರಳವಾಗಿದ್ದ ಆ ದಿನಗಳಲ್ಲಿ ತಮ್ಮ ಕೃತಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುಗರ ಬಳಗ ಬೆಳೆಯಲು ಇವರ ಬರವಣಿಗೆಯಂತೆ ಈ ತಿರುಗಾಟವೂ ಕಾರಣವಾಯಿತು.