ಕಾರ್ಲ್ ಲ್ಯಾಂಡ್‌ಸ್ಟೈನರ್ ಮಹಾಶಯರು

ಕೋರ ಹೋಬಳಿಯ ಯಾವುದೋ ಹಳ್ಳಿಯಲ್ಲಿ ಹೊಡೆದಾಟವಾಗಿ, ಆರೋಪಿಯ ಪಂಚೆಯ ಮೇಲೆ ರಕ್ತದ ಕಲೆ ಕಂಡಿತೆಂದು ಇಟ್ಟುಕೊಳ್ಳೋಣ. ಪೋಲೀಸರು ಪಂಚರ ಸಮಕ್ಷಮ ಮಹಜರು ಮಾಡಿ, ಬಟ್ಟೆಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುವರು. ಆ ರಕ್ತವು ಯಾರದೆಂಬ ಪ್ರಶ್ನೆಯನ್ನು ಶಾಸ್ತ್ರಕ್ಕೆ ಕೇಳಬಹುದೆಂದು ಮೊದಲು ತೋರಿಸಿದವರು ಕಾರ್ಲ್ ಲ್ಯಾಂಡ್‌ಸ್ಟೈನರ್ ಮಹಾಶಯರು.

ಇವರು 1868ನೆಯ ಇಸವಿ ಜೂನ್ 14ರಂದು ಆಸ್ಟ್ರಿಯಾ ದೇಶದಲ್ಲಿ ಜನಿಸಿದರು. ತಂದೆಯು ಪತ್ರಿಕಾಕರ್ತ, ನಮ್ಮ ವೃತ್ತಿಬಾಂಧವನೆಂದು ಹೇಳಿಕೊಳ್ಳಲು ನಮಗೆ ಹೆಮ್ಮೆಯುಂಟು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು; ತಾಯಿಯೇ ಸಾಕಿದಳು. 1891ರಲ್ಲಿ ವಿಯೆನ್ನದಲ್ಲಿ ವೈದ್ಯಪದವಿ ಪಡೆದರೂ ಇವರ ಮನಸ್ಸು ರೋಗಿಗಳಿಗಿಂತ ರಸಾಯನಶಾಸ್ತ್ರದತ್ತಲೇ ಹರಿಯಿತು. ತಮ್ಮ ಹಾಗೂ ಸಹೋದ್ಯೋಗಿಗಳ ರಕ್ತವನ್ನು ತೆಗೆದು, ಒಬ್ಬರ ರಕ್ತದ ತಿಳಿನೀರನ್ನು ಮತ್ತೊಬ್ಬರ ಕೆಂಪುಕಣಗಳೊಡನೆ ಬೆರೆಸಿದರು. ಕೆಲವೆಡೆ ಕಣಗಳು ಗಂಟುಗಟ್ಟಿದವು, ಕೆಲವೆಡೆ ಇಲ್ಲ. ಇದರಿಂದ 1901ರಲ್ಲಿ ಮೂರು ವರ್ಗಗಳು ಗೊತ್ತಾದವು; ನಾಲ್ಕನೆಯದಾದ ಎಬಿಯನ್ನು ಮರುವರ್ಷ ಅನ್ಯರು ಕಂಡುಹಿಡಿದರು. ಬಟ್ಟೆಯ ಮೇಲೆ ಒಣಗಿದ ಕಲೆಯಿಂದಲೂ ಈ ಭೇದವನ್ನು ಅರಿಯಬಹುದೆಂದು ರಿಕ್ಟರ್ ಎಂಬುವರೊಡಗೂಡಿ ಇವರು ಶೀಘ್ರದಲ್ಲಿಯೇ ತಿಳಿಸಿದರು.

ಈ ವರ್ಗಗಳು ಎಲ್ಲ ಜನಾಂಗಗಳಲ್ಲಿಯೂ ಸಮವಾಗಿಲ್ಲ. ಪ್ರಥಮ ಮಹಾಯುದ್ಧದಲ್ಲಿ ಸಲೋನಿಕಾ ಪಾಳೆಯದಲ್ಲಿದ್ದ ಸೈನಿಕರ ರಕ್ತವನ್ನು ಹಿರ್ಷ್‌ಫೆಲ್ಡ್ ದಂಪತಿಗಳು ಪರೀಕ್ಷಿಸಿ 1919ರಲ್ಲಿ ಪ್ರಕಟಿಸಿದರು. ಬಿ ವರ್ಗದವರು ಆಂಗ್ಲರಲ್ಲಿ ನೂರಕ್ಕೆ ಸುಮಾರು 7, ಭಾರತೀಯ ಸಿಪಾಯಿಗಳಲ್ಲಿ ಸುಮಾರು 41. ಆದರೆ ನಾಲ್ಕೂ ವರ್ಗಗಳು ಇಬ್ಬರಲ್ಲಿಯೂ ಇದ್ದವು. ರಕ್ತಶುದ್ಧಿಯನ್ನು ಹೇಳಿಕೊಂಡು ಬೀಗುವ ನಮ್ಮ ಕುಲೀನರು ಇದನ್ನು ಅವಶ್ಯವಾಗಿ ಗಮನಿಸಬೇಕು.

ನ್ಯಾಯಸ್ಥಾನಕ್ಕೂ ಇದರಲ್ಲಿ ಎಚ್ಚರಿಕೆಯಿದೆ. ವರ್ಗವು ಹೊಂದದಿದ್ದರೆ ನಿರಪರಾಧಿಯು ಪಾರಾಗುವನು. ಹೊಂದಿದಮಾತ್ರಕ್ಕೆ ಅಪರಾಧವು ಸ್ಥಾಪಿತವಾಗದು, ಅದೇ ವರ್ಗದವರು ಊರತುಂಬ ಇರುವರಷ್ಟೆ. 1984ರಲ್ಲಿ ಇಂಗ್ಲೆಂಡಿನ ಜೆಫ್ರಿಸ್ ಕಂಡುಹಿಡಿದ ಡಿಎನ್‌ಎ ಪರೀಕ್ಷೆಯು ಬಹು ಸೂಕ್ಷ್ಮವಾದರೂ, ಎರಡು ಮಾದರಿಗಳು ಆಕಸ್ಮಿಕವಾಗಿ ಹೊಂದುವ ಸಂಭವವೆಷ್ಟೆಂಬುದನ್ನು ಜನಸಮುದಾಯದ ಲೆಕ್ಕದಿಂದಲೇ ಹೇಳಬೇಕು. ಸೋದರಮಾವ, ಅತ್ತೆಮಕ್ಕಳೊಳಗೆ ಸಂಬಂಧ ಬೆಳೆಸುವ ಗುಬ್ಬಿ, ಕುಣಿಗಲ್ ಸೀಮೆಯವರಿಗೆ ಪರದೇಶದ ಪಟ್ಟಿಯನ್ನು ಅನ್ವಯಿಸಿ ಒಬ್ಬನನ್ನು ಸೆರೆಗೆ ತಳ್ಳುವುದು ನ್ಯಾಯವಾಗಲಾರದೆಂದು ನಮ್ಮ ಅಭಿಪ್ರಾಯ.

ಯುದ್ಧಾನಂತರ ವಿಯೆನ್ನದಲ್ಲಿ ದಾರಿದ್ರ್ಯ ತಲೆದೋರಲು, ಲ್ಯಾಂಡ್‌ಸ್ಟೈನರರು ಹಾಲೆಂಡಿಗೂ, ಅಲ್ಲಿಂದ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೂ ತೆರಳಿದರು. ಅಲ್ಲಿ 1927ರಲ್ಲಿ ಎಂ, ಎನ್ ಎಂಬ ಲಕ್ಷಣಗಳನ್ನು ಲೆವಿನ್ನರೊಡನೆಯೂ, 1940ರಲ್ಲಿ ಆರ್‌ಎಚ್ ಲಕ್ಷಣವನ್ನು ವೀನರರೊಡನೆಯೂ ಕಂಡರು; ಇವೂ ವಿಚಾರಣೆಗಳಲ್ಲಿ ಉಪಯೋಗಕ್ಕೆ ಬಂದವು. 1930ರಲ್ಲಿ ನೊಬೆಲ್ ಬಹುಮಾನ ದೊರೆತಿತ್ತು. ಆ ಬಳಿಕವೂ ಅವರು ಪ್ರಯೋಗಶಾಲೆಯನ್ನು ಬಿಡಲಿಲ್ಲ. 1943ರ ಜೂನ್ ತಿಂಗಳಲ್ಲಿ, ಎಪ್ಪತ್ತೈದು ತುಂಬಿದ ಕೆಲವೇ ದಿನಗಳಲ್ಲಿ, ಅಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹೃದಯಾಘಾತಕ್ಕೊಳಗಾಗಿ, 26ನೆಯ ತಾರೀಖು ತೀರಿಕೊಂಡರು.