ಒಂದೇ ಓಟದ ವೀರ

ಮಹಾಪುರುಷರ ಜೀವನಚರಿತ್ರೆಗಳೆಂದರೆ ಸಾಮಾನ್ಯವಾಗಿ ರಾಜರವು, ಕವಿಗಳವು ಇಲ್ಲವೆ ದೇಶಭಕ್ತರವು. ಅವರ ಬಾಳಿನಲ್ಲಿ ಹತ್ತಾರು ವರ್ಷಗಳ ಸಾಧನೆಯಿರುವುದರಿಂದ ಬರೆಯುವವನಿಗೆ ಸಾಮಗ್ರಿಯ ಕೊರತೆಯಿಲ್ಲ. ಆದರೆ ಈ ಲೇಖನಕ್ಕೆ ನಾನು ಆರಿಸಿಕೊಂಡಿರುವ ವ್ಯಕ್ತಿಯು ತನ್ನ ಕೀರ್ತಿಯೆಲ್ಲವನ್ನೂ ಗಳಿಸಿದ್ದು ಒಂದು ಮಧ್ಯಾಹ್ನದ ಮೂರು ಗಂಟೆಗಳೊಳಗೆ. ಹಣಕ್ಕಾಗಿ ಆಡುವ ಇಂದಿನ ಹೆಸರಾಂತ ಆಟಗಾರರು ವರ್ಷಗಟ್ಟಲೆ ಆಡುವರು. ಅವರ ಗೆಲುವು ಸೋಲುಗಳ ಲೆಕ್ಕವೇ ಒಂದು ಪುಸ್ತಕವಾಗುವುದು. ಗ್ರೀಸ್ ದೇಶದ ಸ್ಪಿರಿಡಾನ್ ಲೂಯಿಸನಾದರೋ ಆ ಒಂದು ಓಟವನ್ನು ಗೆದ್ದ ಬಳಿಕ ಮತ್ತೆಂದೂ ಪಂದ್ಯದಲ್ಲಿ ಓಡಲಿಲ್ಲ. ಹಾಗಿದ್ದೂ ಅವನ ನಾಡು ಅವನನ್ನು ಇಂದಿಗೂ ಮರೆತಿಲ್ಲ. ಇದೇನು ವಿಚಿತ್ರವೆಂಬ ಕುತೂಹಲವೇ ನನ್ನನ್ನು ಅವನ ಚರಿತ್ರೆಯತ್ತ ಎಳೆಯಿತು.

ಲೂಯಿಸನು ಹುಟ್ಟಿದ್ದು 1873ರ ಜನವರಿಯಲ್ಲಿ, ಅಥೆನ್ಸ್ ನಗರದ ಈಶಾನ್ಯಕ್ಕಿರುವ ಮರೂಸಿ ಎಂಬ ಹಳ್ಳಿಯಲ್ಲಿ. ಬಡಕುಟುಂಬ. ಅಥೆನ್ಸಿನಲ್ಲಿ ಒಳ್ಳೆಯ ಕುಡಿಯುವ ನೀರಿಗೆ ಕೊರತೆಯಿದ್ದಿತು. ಮರೂಸಿಯಲ್ಲಿ ಸಿಹಿನೀರಿನ ಬುಗ್ಗೆಗಳಿದ್ದುವು. ಲೂಯಿಸನ ತಂದೆ ಆ ನೀರನ್ನು ನಗರಕ್ಕೆ ಒಯ್ದು ಮಾರಿ ಜೀವನ ಸಾಗಿಸುತ್ತಿದ್ದನು. ಮಗನೂ ಅದೇ ಕೆಲಸಕ್ಕೆ ಕೈ ಹಚ್ಚಿದನು. ನೀರು ಹೊತ್ತ ಪ್ರಾಣಿಯ ಪಕ್ಕದಲ್ಲಿ ಹತ್ತು ಕಿಲೋಮೀಟರಿಗೂ ಮೀರಿದ ದಾರಿಯನ್ನು ಕಾಲ್ನಡಿಗೆಯಿಂದಲೂ ಓಟದಿಂದಲೂ ಸವೆಸುವುದು ಅವನ ದಿನಚರಿಯಾಯಿತು. ಇಂದಿನ ಓಟಗಾರರಿಗೆ ಶಿಕ್ಷಕರುಂಟು, ಪಥ್ಯದ ಆಹಾರವುಂಟು, ಅಳೆದು ಮಾಡಿದ ಪಾದರಕ್ಷೆಗಳುಂಟು. ಲೂಯಿಸನಿಗೆ ಹೊಟ್ಟೆಪಾಡೇ ವ್ಯಾಯಾಮಶಾಲೆಯಾಗಿದ್ದಿತು.

1894ರಲ್ಲಿ ಫ್ರಾನ್ಸಿನ ಪಿಯರ್ ದ ಕೂಬರ್ತಾನನು ಪ್ರಾಚೀನ ಒಲಿಂಪಿಕ್ ಕ್ರೀಡೆಗಳನ್ನು ಮತ್ತೆ ಆರಂಭಿಸಲು ಯತ್ನಿಸಿದಾಗ, ಅವನ ಮಿತ್ರನಾದ ಮಿಶೆಲ್ ಬ್ರೆಯಾಲನು ಒಂದು ಹೊಸ ಸ್ಪರ್ಧೆಯನ್ನು ಸೂಚಿಸಿದನು. ಕ್ರಿ. ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪಾರಸಿಕರನ್ನು ಸೋಲಿಸಿದ ಸುದ್ದಿಯನ್ನು ಒಬ್ಬ ದೂತನು ಅಥೆನ್ಸಿಗೆ ಓಡುತ್ತ ತಂದು, ಹೇಳಿದೊಡನೆ ಪ್ರಾಣಬಿಟ್ಟನೆಂದು ಕಥೆಯಿದೆಯಷ್ಟೆ. ಅದೇ ದಾರಿಯಲ್ಲಿ ಓಟವನ್ನೇರ್ಪಡಿಸಬೇಕೆಂದೂ, ಗೆದ್ದವನಿಗೆ ತಾನೇ ಒಂದು ಬೆಳ್ಳಿಯ ಬಟ್ಟಲನ್ನು ಕೊಡುವೆನೆಂದೂ ಬ್ರೆಯಾಲನು ತಿಳಿಸಿದನು. ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಇಲ್ಲೊಂದು ಸಂತೋಷದ ಸಂಗತಿ ದೊರೆಯಿತು. ಬ್ರೆಯಾಲನು ಕ್ರೀಡಾಪಟುವಲ್ಲ, ಭಾಷಾಶಾಸ್ತ್ರಜ್ಞ. ಪದಗಳ ಅರ್ಥವನ್ನು ವಿಚಾರಿಸುವ ಶಾಸ್ತ್ರಕ್ಕೆ ಯೂರೋಪಿನಲ್ಲಿ ಈಗ ಬಳಕೆಯಲ್ಲಿರುವ ಹೆಸರನ್ನು ಕೊಟ್ಟವನೇ ಅವನು. ಜಗತ್ತಿನ ಅತ್ಯಂತ ಕಠಿಣವಾದ ಓಟಗಳಲ್ಲೊಂದು ಹುಟ್ಟಿದ್ದು ಒಬ್ಬ ಪಂಡಿತನ ತಲೆಯಲ್ಲಿ.

ಆ ಕಾಲದ ಗ್ರೀಸ್ ಸುಖದಲ್ಲಿರಲಿಲ್ಲ. 1893ರಲ್ಲಿ ಸರ್ಕಾರವು ಸಾಲ ತೀರಿಸಲಾರದೆ ದಿವಾಳಿಯಾಗಿದ್ದಿತು. ಅಥೆನ್ಸಿನ ಪುರಾತನ ಕ್ರೀಡಾಂಗಣವನ್ನು ಅಮೃತಶಿಲೆಯಿಂದ ಪುನಃ ಕಟ್ಟಲು ಅಲೆಕ್ಸಾಂಡ್ರಿಯದಲ್ಲಿ ನೆಲಸಿದ್ದ ಗ್ರೀಕ್ ವರ್ತಕ ಜಾರ್ಜ್ ಅವೆರಾಫನು ಹಣ ಕೊಟ್ಟುದರಿಂದ ಮಾನವುಳಿಯಿತು. 1896ರ ಏಪ್ರಿಲ್ 6ರಂದು ಕ್ರೀಡೆಗಳು ಪ್ರಾರಂಭವಾದುವು. ಆದರೆ ಓಟ, ನೆಗೆತ, ಎಸೆತಗಳಲ್ಲಿ ಗ್ರೀಕರಿಗೆ ಒಂದೂ ಗೆಲುವು ಸಿಕ್ಕಲಿಲ್ಲ. ಗ್ರೀಕರ ಸ್ವಂತ ವಿದ್ಯೆಯೆಂದು ನಂಬಿದ್ದ ಚಕ್ರ ಎಸೆತವನ್ನೂ ಅಮೆರಿಕದವನೊಬ್ಬನು ಗೆದ್ದುಕೊಂಡನು. ಪ್ರಾಚೀನ ವೈಭವದ ನೆನಪು ಒಂದು ಕಡೆ, ಇಂದಿನ ಬಡತನ ಮತ್ತು ಸೋಲು ಇನ್ನೊಂದು ಕಡೆ. ಉಳಿದಿದ್ದ ಆಸೆಯೆಲ್ಲವೂ ಮ್ಯಾರಥಾನ್ ಓಟದ ಮೇಲೆ ನಿಂತಿತು.

ಲೂಯಿಸನು ಸೈನ್ಯದಲ್ಲಿದ್ದಾಗ ಅವನ ಮೇಲಧಿಕಾರಿಯಾಗಿದ್ದ ಪಾಪಡಿಯಮಾಂಟೊಪೌಲೋಸನೇ ಈ ಓಟದ ವ್ಯವಸ್ಥಾಪಕರಲ್ಲೊಬ್ಬನು. ತನ್ನ ಹಳೆಯ ಸಿಪಾಯಿಯ ಕಾಲಿನ ಶಕ್ತಿಯನ್ನು ಬಲ್ಲ ಅವನು, ಆಯ್ಕೆಯ ಓಟಕ್ಕೆ ಬರುವಂತೆ ಒತ್ತಾಯಪಡಿಸಿದನು. ಆ ಓಟದಲ್ಲಿ ಲೂಯಿಸನು ಬಂದದ್ದು ಐದನೆಯವನಾಗಿ. ಅವನ ಮೇಲೆ ಯಾರೂ ವಿಶೇಷ ಭರವಸೆಯಿಟ್ಟಿರಲಿಲ್ಲ.

ಏಪ್ರಿಲ್ 10ರ ಮಧ್ಯಾಹ್ನ 17 ಜನರು ಮ್ಯಾರಥಾನಿನ ಸೇತುವೆಯ ಬಳಿ ಸಾಲಾಗಿ ನಿಂತರು. ಅವರಲ್ಲಿ 13 ಮಂದಿ ಗ್ರೀಕರು. ದೂರವು ಸುಮಾರು 40 ಕಿಲೋಮೀಟರು. ಫ್ರಾನ್ಸಿನ ಲೆರ್ಮುಸಿಯೋ ಮೊದಲಿಗೇ ಬಾಣದಂತೆ ಹೊರಟು ಎಲ್ಲರನ್ನೂ ಬಹಳ ಹಿಂದೆ ಬಿಟ್ಟನು. ಅವನ ಹಿಂದೆ ಅಮೆರಿಕದ ಬ್ಲೇಕ್ ಮತ್ತು ಆಸ್ಟ್ರೇಲಿಯದ ಫ್ಲಾಕ್. 800 ಮತ್ತು 1500 ಮೀಟರಿನ ಓಟಗಳನ್ನು ಆಗಲೇ ಗೆದ್ದಿದ್ದ ಫ್ಲಾಕನು ಜನರ ಕಣ್ಣಿಗೆ ಅಜೇಯನಾಗಿ ಕಂಡನು. ಲೂಯಿಸನಾದರೋ ಹಿಂದೆಯೇ ಉಳಿದು ತನ್ನ ನೀರಿನ ದಾರಿಯ ಹದದಲ್ಲಿಯೇ ಓಡುತ್ತಿದ್ದನು. ಪಿಕೆರ್ಮಿ ಎಂಬ ಊರಿನಲ್ಲಿ ನಿಂತು ಒಂದು ಲೋಟ ದ್ರಾಕ್ಷಾರಸವನ್ನು ಕುಡಿದು, ಮುಂದಿರುವವರನ್ನೆಲ್ಲ ಹಿಡಿಯುವೆನೆಂದು ನೆರೆದವರಿಗೆ ಹೇಳಿ ಹೊರಟನೆಂದು ಪ್ರತೀತಿ. ಅದು ದ್ರಾಕ್ಷಾರಸವಲ್ಲ, ಬ್ರಾಂದಿ ಎಂದು ಅವನ ಮೊಮ್ಮಗನ ವಾದ. ಏನೇ ಇರಲಿ, ಮಾತು ಸುಳ್ಳಾಗಲಿಲ್ಲ. ದಾರಿ ಏರಾಗಿದ್ದಿತು. 23 ಕಿಲೋಮೀಟರಿನ ಹೊತ್ತಿಗೆ ಬ್ಲೇಕನು ನಿಂತನು. 32ರ ಸುಮಾರಿಗೆ ಲೆರ್ಮುಸಿಯೋ ಕೈಚೆಲ್ಲಿದನು. ಫ್ಲಾಕನು ಮುಂದಾದನು, ಆದರೆ ಅಷ್ಟು ದೂರ ಓಡಿ ಅಭ್ಯಾಸವಿಲ್ಲದ ಅವನೂ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಕುಸಿದುಬಿದ್ದನು. ವೇಗವೇ ಬಂಡವಾಳವಾಗಿದ್ದವರು ಸೋತರು. ತಾಳ್ಮೆ ಬಂಡವಾಳವಾಗಿದ್ದವನು ಉಳಿದನು.

ಇತ್ತ ಕ್ರೀಡಾಂಗಣದಲ್ಲಿ ಫ್ಲಾಕನೇ ಮುಂದಿರುವನೆಂಬ ಸುದ್ದಿ ಬಂದು ಜನರ ಮುಖ ಬಾಡಿದ್ದಿತು. ಅಷ್ಟರಲ್ಲಿ ಗ್ರೀಕನೊಬ್ಬನು ಮುಂದೆ ಬರುತ್ತಿರುವನೆಂಬ ವಾರ್ತೆ ಬಂದಿತು. ಸ್ವಲ್ಪ ಹೊತ್ತಿಗೆ ಬಿಸಿಲಿನಿಂದ ಕಪ್ಪಾಗಿ, ಧೂಳಿನಿಂದ ಬೆಳ್ಳಗಾಗಿದ್ದ ಒಬ್ಬ ತರುಣನು ದ್ವಾರದಲ್ಲಿ ಕಾಣಿಸಿಕೊಂಡನು. ರಾಜಕುಮಾರರಾದ ಕಾನ್‌ಸ್ಟಂಟೈನ್ ಮತ್ತು ಜಾರ್ಜ್ ತಮ್ಮ ಸ್ಥಾನಗಳಿಂದಿಳಿದು ಅವನ ಅಕ್ಕಪಕ್ಕದಲ್ಲಿ ಗುರಿಯವರೆಗೂ ಓಡಿದರು. ವೇಳೆ 2 ಗಂಟೆ 58 ನಿಮಿಷ 50 ಸೆಕೆಂಡು. ಎರಡನೆಯವನಾದ ವಾಸಿಲಾಕೋಸನು ಬಂದದ್ದು ಏಳು ನಿಮಿಷಗಳಿಗೂ ಹೆಚ್ಚು ತಡವಾಗಿ. ನೀರು ಮಾರುವವನ ಮಗನ ಪಕ್ಕದಲ್ಲಿ ಅರಸುಮಕ್ಕಳು ಓಡುವ ಆ ದೃಶ್ಯವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುವುದು.

ಆದರೆ ನನ್ನ ಮಟ್ಟಿಗೆ ಅವನ ನಿಜವಾದ ಪರೀಕ್ಷೆ ಅಲ್ಲಿಂದ ಮುಂದೆ ಪ್ರಾರಂಭವಾಯಿತು. ಉಡುಗೊರೆಗಳ ಮಳೆಯೇ ಸುರಿಯಿತೆಂದು ಹೇಳುವರು. ಏನು ಬೇಕಾದರೂ ಕೇಳೆಂದು ದೊರೆಯೇ ಹೇಳಿದಾಗ, ನೀರು ಸಾಗಿಸಲು ಕತ್ತೆ ಹೂಡಿದ ಒಂದು ಬಂಡಿಯನ್ನು ಮಾತ್ರ ಕೇಳಿದನೆಂಬ ಕಥೆ ಪ್ರಸಿದ್ಧವಾಗಿದೆ. ವೀರರ ಸುತ್ತ ಕಥೆಗಳು ಹುಟ್ಟುವುದು ಸಹಜ; ಎಲ್ಲವನ್ನೂ ನಂಬಬೇಕಾಗಿಲ್ಲ. ಆದರೆ ಈ ಕಥೆಯ ತಿರುಳು ನಿಜ. ಅವನು ಹಳ್ಳಿಗೆ ಮರಳಿದನು, ಬೇಸಾಯ ಮಾಡಿದನು, ಮುಂದೆ ಊರಿನ ಪೋಲೀಸಿನವನಾದನು. ತನ್ನ ಕಾಲುಗಳನ್ನು ಸಂತೆಯಲ್ಲಿಟ್ಟು ಮಾರಲಿಲ್ಲ.

ಕೀರ್ತಿಯು ಕಷ್ಟವನ್ನು ತಡೆಯಲಾರದು. 1926ರಲ್ಲಿ ಸೈನ್ಯದ ದಾಖಲೆಗಳನ್ನು ತಿದ್ದಿದನೆಂಬ ಆಪಾದನೆಯ ಮೇಲೆ ಅವನನ್ನು ಬಂಧಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದ ಬಳಿಕ ನಿರ್ದೋಷಿಯೆಂದು ತೀರ್ಪಾಗಿ ಹೊರಬಂದನು. ಯಾವ ನಾಡಿನ ಮಾನವನ್ನು ಉಳಿಸಿದನೋ ಆ ನಾಡೇ ಅವನ ಮಾನವನ್ನು ಸಂಶಯಿಸಿದ್ದು ಎಂಥ ನೋವಿನ ಸಂಗತಿ! ಹತ್ತು ವರ್ಷಗಳ ಬಳಿಕ, 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ, ರಾಷ್ಟ್ರೀಯ ಉಡುಪನ್ನು ಧರಿಸಿದ ಮುದುಕ ಲೂಯಿಸನು ಗ್ರೀಕ್ ತಂಡದೊಡನೆ ಮೆರವಣಿಗೆಯಲ್ಲಿ ನಡೆದು, ಒಲಿಂಪಿಯದಿಂದ ತಂದ ಆಲಿವ್ ಕೊಂಬೆಯೊಂದನ್ನು ಹಿಟ್ಲರನಿಗೆ ಕೊಟ್ಟನು. ಅದು ಶಾಂತಿಯ ಸಂಕೇತ. ಲೂಯಿಸನು ತೀರಿಕೊಂಡದ್ದು 1940ರ ಮಾರ್ಚಿಯಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಇಟಲಿಯೂ, ಮರುವರ್ಷ ಹಿಟ್ಲರನ ಸೈನ್ಯವೂ ಗ್ರೀಸಿನ ಮೇಲೆ ಬಿದ್ದುವು. ಆ ಕೊಂಬೆಗೆ ಸಿಕ್ಕ ಬೆಲೆಯನ್ನು ನೋಡಲು ಅವನು ಉಳಿದಿರಲಿಲ್ಲವೆಂಬುದೇ ಸಮಾಧಾನ.

ಅವನು ತೊಡಗಿಸಿದ ಓಟವು ಲೋಕವನ್ನೆಲ್ಲ ಸುತ್ತಿತು. 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ನಮ್ಮ ಬೆಳಗಾವಿಯ ಪಿ. ಡಿ. ಚೌಗುಲೆಯವರು ಓಡಿ 19ನೆಯ ಸ್ಥಾನ ಪಡೆದುದು ನಾವು ಅಭಿಮಾನಪಡಬೇಕಾದ ವಿಷಯ. ಬ್ರೆಯಾಲನ ಬೆಳ್ಳಿಯ ಬಟ್ಟಲು ಲೂಯಿಸನ ಮನೆತನದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲವಿದ್ದು, 2012ರಲ್ಲಿ ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಹೋಯಿತು; ಗ್ರೀಕ್ ಧರ್ಮಸಂಸ್ಥೆಯೊಂದೇ ಅದನ್ನು ಕೊಂಡಿತು. ಮರೂಸಿಯಲ್ಲಿ 1982ರಲ್ಲಿ ಎದ್ದ ದೊಡ್ಡ ಕ್ರೀಡಾಂಗಣಕ್ಕೆ ಅವನ ಹೆಸರನ್ನೇ ಇಟ್ಟರು. ಅದೇ ಆವರಣದಲ್ಲಿ ಬ್ಯಾಸ್ಕೆಟ್‌ಬಾಲಿನ ಭವನವೊಂದುಂಟು. ದೊಡ್ಡ ಸಂಬಳದ ಆಟಗಾರರು ಇಂದು ಅಲ್ಲಿ ಆಡುವರು. ಅವರ ಆಟವನ್ನು ನಾನು ಹಳಿಯುವುದಿಲ್ಲ. ಆಟವನ್ನೇ ಕಸುಬು ಮಾಡಿಕೊಂಡವರೂ ಬೆವರು ಸುರಿಸಿಯೇ ಉಣ್ಣುವರು. ಆದರೆ ಬಟ್ಟಲು ಹರಾಜಾಗಬಹುದು, ಸಂಬಳ ಮುಗಿಯಬಹುದು.

ಎಲ್ಲಕ್ಕಿಂತ ದೊಡ್ಡ ಸ್ಮಾರಕವು ಬೇರೊಂದಿದೆ. ಗ್ರೀಕ್ ಭಾಷೆಯಲ್ಲಿ ಯಾರಾದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಓಡಿ ಮಾಯವಾದರೆ, ಲೂಯಿಸನಾದನೆಂದು ಜನರು ಹೇಳುವರು. ಪದಗಳು ಅರ್ಥವನ್ನು ಪಡೆಯುವ ಬಗೆಯನ್ನೇ ಜೀವಮಾನವೆಲ್ಲ ಅಭ್ಯಾಸ ಮಾಡಿದ ಪಂಡಿತನು ಒಂದು ಓಟವನ್ನು ಕಲ್ಪಿಸಿದನು. ಅದನ್ನು ಗೆದ್ದ ನೀರಿನವನು ತಾನೇ ಒಂದು ನುಡಿಗಟ್ಟಾದನು. ನಮ್ಮಲ್ಲಿ ಬಹುಮಂದಿಗೆ ಜೀವನದಲ್ಲಿ ದೊಡ್ಡ ಅವಕಾಶವು ಒಂದೇ ಸಲ ಬಂದೀತು. ಅದನ್ನು ಗೆಲ್ಲಲು ಬೇಕಾದ ಶಕ್ತಿಯು ಆ ದಿನ ಹುಟ್ಟುವುದಿಲ್ಲ. ಯಾರೂ ನೋಡದ ದಿನಗಳ ದುಡಿಮೆಯಲ್ಲಿ ಕೂಡಿಬಂದಿರಬೇಕು. ಗೆದ್ದ ಮರುದಿನ ಮತ್ತೆ ಆ ದುಡಿಮೆಗೇ ಮರಳುವ ಧೈರ್ಯವೂ ಇರಬೇಕು. ಈ ಎರಡನ್ನೂ ನನಗೆ ಕಲಿಸಿದವನು ಮರೂಸಿಯ ಲೂಯಿಸನು.