ಕಾಯಕನಿಷ್ಠ ನುಲಿಯ ಚಂದಯ್ಯನವರು

ಮನುಷ್ಯನು ನಿತ್ಯವೂ ಮಾಡಬೇಕಾದ ಕೆಲಸಗಳು ಬಹುಮಟ್ಟಿಗೆ ಸಣ್ಣವು. ಕೊಟ್ಟಿಗೆಯನ್ನು ಗುಡಿಸುವುದು, ನೀರನ್ನು ಹೊರುವುದು, ಗದ್ದೆಯ ಕಳೆಯನ್ನು ಕೀಳುವುದು, ಹಿಟ್ಟನ್ನು ಬೀಸುವುದು, ಇವುಗಳಿಗೆ ಕೀರ್ತಿಯೂ ಇಲ್ಲ, ಕೊನೆಯೂ ಇಲ್ಲ. ಇಂದು ಮುಗಿಸಿದ ಕೆಲಸವು ನಾಳೆಯ ಬೆಳಗಿನಲ್ಲಿ ಮತ್ತೆ ಎದುರಿಗೆ ನಿಂತಿರುತ್ತದೆ. ಆದಕಾರಣ ಮನವು ಬೇಸರಗೊಂಡು, ಕೈ ಒಂದೆಡೆ ತಾನೊಂದೆಡೆಯಾಗಿ ಅಲೆಯುತ್ತದೆ. ಈ ಬೇಸರವನ್ನು ಗೆಲ್ಲುವ ಬಗೆಯನ್ನು ಬಾಳಿ ತೋರಿಸಿದ ಮಹಾನುಭಾವರಲ್ಲಿ ಹುಲ್ಲಿನ ಹಗ್ಗವನ್ನು ಹೊಸೆಯುತ್ತಿದ್ದ ನುಲಿಯ ಚಂದಯ್ಯನವರು ಅಗ್ರಗಣ್ಯರು. ಅವರು ಕತ್ತಲಗೆರೆಯ ಸೀಮೆಗೆ ದೂರದವರೂ ಅಲ್ಲ. ಚನ್ನಗಿರಿಯ ನೆರೆಯದಾದ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿಯೇ ಅವರು ಲಿಂಗೈಕ್ಯರಾದರೆಂದು ಪರಂಪರೆಯು ಹೇಳುತ್ತದೆ.

ಚಂದಯ್ಯನವರು 12ನೆಯ ಶತಮಾನದವರು. ಬಿಜಾಪುರ ಪ್ರಾಂತದ ಶಿವಣಗಿಯು ಅವರ ಜನ್ಮಸ್ಥಳವೆಂದು ಪ್ರತೀತಿ. ಬಸವಣ್ಣನವರ ಕೀರ್ತಿಯನ್ನು ಕೇಳಿ ಅವರು ಕಲ್ಯಾಣಕ್ಕೆ ಬಂದು ಶರಣಸಮೂಹದಲ್ಲಿ ಸೇರಿದರು. ಕೆರೆಯ ಅಂಚಿನಲ್ಲಿಯೂ ಹಳ್ಳದ ದಡದಲ್ಲಿಯೂ ಬೆಳೆದ ಹುಲ್ಲನ್ನು ಕೊಯ್ದು ತರುವುದು, ಹದಮಾಡಿ ಎಳೆಗೂಡಿಸಿ ನುಲಿಯುವುದು, ಹಗ್ಗ ಕಣ್ಣಿಗಳನ್ನು ಮಾಡಿ ಮಾರುವುದು, ಬಂದ ಹಣದಿಂದ ಜಂಗಮದಾಸೋಹವನ್ನು ನಡೆಯಿಸುವುದು, ಇದೇ ಅವರ ನಿತ್ಯವ್ರತವಾಗಿತ್ತು. ನುಲಿಯುವ ಕಾಯಕದಿಂದಲೇ ಅವರಿಗೆ ನುಲಿಯ ಚಂದಯ್ಯನೆಂಬ ಹೆಸರಾಯಿತು. ಚಂದೇಶ್ವರಲಿಂಗವೆಂಬ ಅಂಕಿತದಿಂದ ಅವರು ರಚಿಸಿದ ವಚನಗಳಲ್ಲಿ 48 ದೊರೆತಿವೆ.

ಹುಲ್ಲು ಯಾರೂ ಬೆಲೆಗೊಡದ ವಸ್ತು. ಒಂದು ಎಳೆಯನ್ನು ಕೂಸೂ ಹರಿಯಬಲ್ಲದು. ಆದರೆ ಎಳೆಗೆ ಎಳೆಯನ್ನು ಕೂಡಿಸಿ, ಎಲ್ಲಿಯೂ ಸಡಿಲಗೊಡದೆ ಹುರಿಮಾಡಿದಾಗ ಅದೇ ಹುಲ್ಲು ಮದಿಸಿದ ಹೋರಿಯನ್ನು ಹಿಡಿದು ನಿಲ್ಲಿಸುತ್ತದೆ. ಹೊಸೆಯುವವನ ಮನವು ಒಂದು ಗಳಿಗೆ ಬೇರೆಡೆಗೆ ಹರಿದರೆ ಅಲ್ಲಿಯೇ ಹಗ್ಗವು ಬಲಗೆಡುತ್ತದೆ. ಆದುದರಿಂದ ಚಂದಯ್ಯನವರ ಕಾಯಕಕ್ಕೆ ಪೂಜೆಗೆ ಬೇಕಾದಷ್ಟೇ ಏಕಾಗ್ರತೆಯು ಬೇಕಾಗಿತ್ತು. ಕಂಡವರನ್ನು ಕಾಡಿ ಬೇಡಿ ತಂದ ದ್ರವ್ಯವು ದಾಸೋಹಕ್ಕೆ ಸಲ್ಲದೆಂಬುದೂ, ಗುರುವಾಗಲಿ ಜಂಗಮವಾಗಲಿ ಕಾಯಕದಿಂದ ಹೊರತಾದವರಲ್ಲವೆಂಬುದೂ ಅವರ ದೃಢವಾದ ನಿಲುವಾಗಿತ್ತು.

ಈ ನಿಷ್ಠೆಗೆ ಒಮ್ಮೆ ಕಠಿನವಾದ ಪರೀಕ್ಷೆಯು ಒದಗಿತು. ಆ ಪ್ರಸಂಗವು ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಒಂದು ದಿನ ಚಂದಯ್ಯನವರು ಹುಲ್ಲನ್ನು ಕೊಯ್ಯುತ್ತಿರಲು, ಅವರ ಇಷ್ಟಲಿಂಗವು ಅಂಗದಿಂದ ಜಾರಿ ಬಿದ್ದಿತು. ಲಿಂಗವು ಅಗಲಿದರೆ ಪ್ರಾಣವನ್ನೇ ನೀಗುವ ಶರಣರ ನಡುವೆ ಇದ್ದ ಚಂದಯ್ಯನವರು ಅದನ್ನು ತೆಗೆದುಕೊಳ್ಳದೆ, ಹುಲ್ಲಿನ ಹೊರೆಯನ್ನು ಹೊತ್ತು ಮುಂದೆ ನಡೆದರು. ಲಿಂಗವು ಅವರ ಬೆನ್ನುಹತ್ತಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ನಿಂತು ಸಂಧಾನವನ್ನು ನಡೆಯಿಸಲು, ಲಿಂಗವೂ ಕಾಯಕವನ್ನು ಮಾಡುವುದಾದರೆ ಮಾತ್ರ ಒಪ್ಪುವೆನೆಂದು ಚಂದಯ್ಯನವರು ಪಟ್ಟುಹಿಡಿದರು. ಅಂತೆಯೇ ಹಗ್ಗವನ್ನು ಮಾರಿ ಬರುವ ಕೆಲಸವು ಲಿಂಗದ ಪಾಲಿಗೆ ಬಂದಿತು.

ಲಿಂಗವು ಹಗ್ಗವನ್ನು ಬಸವಣ್ಣನವರಲ್ಲಿಗೆ ಒಯ್ದಾಗ, ಭಕ್ತಿಭಂಡಾರಿಯು ಹರ್ಷದಿಂದ ಅದರ ಬೆಲೆಗೆ ಬಹಳ ಮೀರಿದ ಹೊನ್ನನ್ನು ಕೊಟ್ಟರು. ಮನೆಗೆ ಬಂದ ಆ ಹೊನ್ನನ್ನು ಕಂಡು ಚಂದಯ್ಯನವರು ಹಿಗ್ಗಲಿಲ್ಲ; ನೊಂದುಕೊಂಡರು. ಹಗ್ಗಕ್ಕೆ ಸಲ್ಲುವ ಬೆಲೆಯು ಎಷ್ಟೋ ಅಷ್ಟೇ ತಮ್ಮದು. ಮಿಕ್ಕುದು ದಾನವಾಯಿತೇ ಹೊರತು ಕಾಯಕದ ಫಲವಾಗಲಿಲ್ಲ. ದಾನದ ಹೊನ್ನಿನಿಂದ ದಾಸೋಹವು ದೊಡ್ಡದಾಗಬಹುದಿತ್ತು, ನಾಳೆಯ ಹುಲ್ಲಿನ ಹೊರೆಯೂ ತಪ್ಪಬಹುದಿತ್ತು. ಆದರೂ ಅವರು ಅದನ್ನು ಒಲ್ಲದೆ ಹೋದರು. ಕೆಲಸದಿಂದ ಬಿಡುಗಡೆಯನ್ನು ಬಯಸುವವನಿಗೆ ಆ ಹೊನ್ನು ಭಾಗ್ಯವಾಗಿ ಕಂಡೀತು. ಕೆಲಸವನ್ನು ಒಲಿದವರಿಗೆ ಅದು ಹಾನಿಯಾಗಿಯೇ ಕಂಡಿತು.

ಆದರೆ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ಚಂದಯ್ಯನವರ ನಡೆಯು ಶರಣಗೋಷ್ಠಿಯಲ್ಲಿ ವಿಚಾರಕ್ಕೆ ಬಂದಿತು. ಕಾಯಕದ ಹೆಮ್ಮೆಯಿಂದ ಲಿಂಗವನ್ನು ಕಡೆಗಣಿಸುವುದು ತಕ್ಕುದೇ ಎಂಬ ಪ್ರಶ್ನೆಯು ಎದ್ದಿತು. ಅಲ್ಲಮಪ್ರಭುದೇವರೇ ಮೊದಲಾದ ಹಿರಿಯರು, ಮಾಡುವ ಕ್ರಿಯೆಗೆ ಅರಿವು ಜತೆಯಾಗಿರಬೇಕೆಂಬುದನ್ನು ಅವರಿಗೆ ಮನಗಾಣಿಸಿದರು. ಹೊನ್ನಿಗೆ ಬಾಗದಿದ್ದ ಚಂದಯ್ಯನವರು ಈ ಅರಿವಿಗೆ ತಲೆಬಾಗಿ ಲಿಂಗವನ್ನು ಮರಳಿ ಅಂಗೀಕರಿಸಿದರು. ಕೆಲಸವನ್ನು ಹೀನವೆಂದು ಹಳಿಯುವುದು ಹೇಗೆ ದೋಷವೋ, ನಾನು ಮಾಡಿದೆನೆಂದು ಬೀಗುವುದೂ ಹಾಗೆಯೇ ದೋಷ. ಇವೆರಡನ್ನೂ ಕಳೆದುಕೊಂಡ ಮೇಲೆ ಅವರ ಕಾಯಕವು ಪರಿಪೂರ್ಣವಾಯಿತು.

ಸುಮಾರು 1167ರ ವಿಪ್ಲವದಲ್ಲಿ ಕಲ್ಯಾಣದ ಶರಣರು ಚದುರಿದರು. ಚಂದಯ್ಯನವರು ಚನ್ನಬಸವಣ್ಣನವರು ಮತ್ತು ಅಕ್ಕನಾಗಮ್ಮನವರೊಡನೆ ಉಳವಿಗೆ ತೆರಳಿದರು. ಚನ್ನಬಸವಣ್ಣನವರು ಅಲ್ಲಿ ಲಿಂಗೈಕ್ಯರಾದ ಬಳಿಕ, ಅಕ್ಕನಾಗಮ್ಮನವರ ಸೇವೆಯಲ್ಲಿ ತರೀಕೆರೆಯ ಬಳಿಯ ಎಣ್ಣೆಹೊಳೆಗೆ ಬಂದರು. ತಾಯಿಯ ಐಕ್ಯಾನಂತರ ದುಮ್ಮಿಯ ಸೀಮೆಯನ್ನು ಸೇರಿ, ಅಲ್ಲಿಯ ರಾಣಿ ಪದ್ಮಾವತಿಗೆ ಲಿಂಗದೀಕ್ಷೆಯನ್ನು ಕೊಟ್ಟರೆಂದು ಹೇಳಿಕೆಯುಂಟು. ಕಲ್ಯಾಣದ ವೈಭವವು ಅಳಿಯಿತು, ಅನುಭವಗೋಷ್ಠಿಯು ಮುರಿಯಿತು, ಒಡನಾಡಿಗಳು ಒಬ್ಬೊಬ್ಬರಾಗಿ ಮರೆಯಾದರು. ಚಂದಯ್ಯನವರ ವ್ರತಕ್ಕೆ ಮಾತ್ರ ಅರಮನೆಯೂ ಬೇಕಿರಲಿಲ್ಲ, ಮಹಾಮನೆಯೂ ಬೇಕಿರಲಿಲ್ಲ. ಹುಲ್ಲು ಬೆಳೆಯುವ ನೆಲವೆಲ್ಲವೂ ಅದಕ್ಕೆ ಸಾಕಾಗಿತ್ತು.

ಕತ್ತಲಗೆರೆಯ ಸುತ್ತಣ ಗದ್ದೆತೋಟಗಳಲ್ಲಿ ದುಡಿಯುವ ಭಕ್ತರಿಗೆ ಹಗ್ಗವು ಹೊಸದಲ್ಲ. ಮುಂಜಾವದಲ್ಲಿ ದನದ ಕಣ್ಣಿಯನ್ನು ಬಿಚ್ಚುವಾಗ, ಸಂಜೆ ಹುಲ್ಲಿನ ಹೊರೆಯನ್ನು ಬಿಗಿಯುವಾಗ ಚಂದಯ್ಯನವರ ನೆನಹು ಬಂದರೆ, ಅದೇ ಕೆಲಸವು ಹಗುರಾದೀತು. ಕೆಲಸವು ಬದಲಾಗದು, ಅದನ್ನು ನೋಡುವ ಕಣ್ಣು ಬದಲಾಗಬಲ್ಲದು. ಕೈಗೆ ಬಂದುದನ್ನು ಗೊಣಗದೆ, ಬೀಗದೆ, ಸಲ್ಲುವುದಕ್ಕಿಂತ ಹೆಚ್ಚನ್ನು ಬಯಸದೆ ಮಾಡುವ ಶಕ್ತಿಯನ್ನು ಆ ಶರಣರ ಸ್ಮರಣೆಯು ಸಕಲ ಸದ್ಭಕ್ತರಿಗೂ ಕರುಣಿಸಲಿ.